ಕಾಣದ ಊರುಗೋಲು

ಕಂಪ್ಲಿಯಿಂದ ಹೊಸಪೇಟೆಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಕಾಲೇಜಿನ ಹುಡುಗರು, ಕಚೇರಿ ಕೆಲಸಕ್ಕೆ ಹೊರಟವರು, ಹಾಲಿನ ಕ್ಯಾನುಗಳು, ಬಾಳೆಎಲೆಯ ಕಟ್ಟುಗಳು, ಮದುವೆಗೆ ಹೊರಟ ಒಂದು ತುಂಬು ಸಂಸಾರ – ಎಲ್ಲವೂ ಒಂದರ ಮೇಲೊಂದು ಒರಗಿಕೊಂಡು, ಕಾಲುವೆ, ಗದ್ದೆ, ಬಾಳೆಯ ತೋಟಗಳ ನಡುವೆ ತೂಗಾಡುತ್ತ ಸಾಗುತ್ತವೆ. 2004ನೆಯ ಇಸವಿಯ ಒಂದು ಬೆಳಗ್ಗೆ ಅಂಥ ಬಸ್ಸಿಗೆ ನಡುದಾರಿಯಲ್ಲಿ ಊರುಗೋಲು ಹಿಡಿದ ಮುದುಕರೊಬ್ಬರು ಹತ್ತಿದರು. ಹತ್ತಿದ ಕೂಡಲೆ ನಾಲ್ಕು ಜನ ಎದ್ದು ನಿಂತರು. “ಬರ್ರಿ ಅಜ್ಜಾರ, ಇಲ್ಲಿ ಕುಂದರ್ರಿ” ಎಂದು ಒಬ್ಬರು ಕೈ ಹಿಡಿದರು. ಇನ್ನೊಬ್ಬರು ಗಂಟನ್ನು ಇಸಿದುಕೊಂಡರು. ನಮ್ಮ ಜನದಲ್ಲಿ ದಯೆಗೆ ಬರವಿದೆಯೆಂದು ಯಾರು ಹೇಳಿಯಾರು?

ಅದೇ ಬಸ್ಸಿನ ಮೂರನೆಯ ಸಾಲಿನಲ್ಲಿ ಆರು ವರ್ಷದ ಹುಡುಗನೊಬ್ಬ ತಾಯಿಯ ಪಕ್ಕದಲ್ಲಿ ಕುಳಿತಿದ್ದ. ಮೈಕೈ ತುಂಬಿಕೊಂಡ, ದೊಡ್ಡ ಕಣ್ಣಿನ, ನೋಡಿದವರು ಕೆನ್ನೆ ಹಿಂಡಬೇಕೆನ್ನುವಂಥ ಚೆಲುವ. ಬುಕ್ಕಸಾಗರದ ಬಳಿ ಎದುರಿನಿಂದ ಒಂದು ಲಾರಿ ಬಂದಿತು. ಎರಡು ವಾಹನಗಳ ಹಾರನ್ನುಗಳೂ ಒಮ್ಮೆಗೇ ಕೂಗಿದುವು. ಹುಡುಗ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡು ಕಿಟಾರನೆ ಕಿರುಚಿದ. ಕಿರುಚುತ್ತಲೇ ಸೀಟಿನ ಕೆಳಗೆ ನುಸುಳಿ ತಲೆಯನ್ನು ತಗಡಿಗೆ ಬಡಿದುಕೊಳ್ಳತೊಡಗಿದ. ತಾಯಿ ಬಾಗಿ ತನ್ನ ಅಂಗೈಯನ್ನು ಆ ತಲೆಗೂ ತಗಡಿಗೂ ನಡುವೆ ಇಟ್ಟಳು. ಏಟು ಅವಳ ಕೈಗೆ ಬೀಳುತ್ತಿತ್ತು.

“ಏನವ್ವ, ಮಗನಿಗೆ ಭಾಳ ಸಲಿಗಿ ಕೊಟ್ಟೀಯಲ್ಲ! ಎರಡು ಬಿಗೀರಿ, ಸುಮ್ಮನಾಗ್ತಾನ” ಎಂದರು ಒಬ್ಬರು. ಅಜ್ಜನ ಗಂಟನ್ನು ಇಸಿದುಕೊಂಡಿದ್ದವರೇ ಅವರು. “ಈಗಿನ ತಾಯಿಗಳೇ ಹಾಂಗ” ಎಂದು ಹಿಂದಿನ ಸಾಲು ದನಿಗೂಡಿಸಿತು. ಕಮಲಾಪುರದಲ್ಲಿ ಆಕೆ ಮಗನನ್ನೆತ್ತಿಕೊಂಡು ಇಳಿದುಬಿಟ್ಟಳು. ಹೊಸಪೇಟೆಯವರೆಗೆ ಟಿಕೆಟಿತ್ತು. ಆದರೆ ಅಲ್ಲಿಯವರೆಗೆ ಆ ಕಣ್ಣುಗಳನ್ನು ಸಹಿಸುವ ಶಕ್ತಿ ಇರಲಿಲ್ಲ.

ಊರುಗೋಲನ್ನು ಕಂಡರೆ ಎದ್ದು ನಿಲ್ಲುವ ಜನ, ಊರುಗೋಲು ಕಾಣದಿದ್ದರೆ ತೀರ್ಪು ಕೊಡುತ್ತಾರೆ. ಅವರು ಕೆಟ್ಟವರಲ್ಲ. ಕಂಡುದಕ್ಕೆ ಮರುಗುವುದನ್ನು ಅವರಿಗೆ ಕಲಿಸಿದವರಿದ್ದರು. ಕಾಣದುದಕ್ಕೆ ಮರುಗುವುದನ್ನು ಕಲಿಸಿದವರಿರಲಿಲ್ಲ, ಅಷ್ಟೆ.

ಹುಡುಗನಿಗೆ ಮೂರು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಕಿವಿ ಕೇಳಿಸದೆಂದು ಮನೆಯವರು ಭಾವಿಸಿದರು. ಆದರೆ ಮೂರು ಮನೆಯಾಚೆ ಕುಕ್ಕರು ಸೀಟಿ ಹಾಕಿದರೆ ಅವನು ಬೆಚ್ಚಿ ಕೋಣೆಯ ಮೂಲೆ ಸೇರುತ್ತಿದ್ದ. ಹುಣಸೆಯ ಬೀಜಗಳನ್ನು ಪಡಸಾಲೆಯ ಉದ್ದಕ್ಕೂ ಸಾಲಾಗಿ ಇಡುವುದು ಅವನ ಆಟ. ಸಾಲಿನಲ್ಲಿ ಒಂದು ಬೀಜ ಕದಲಿದರೆ ಪ್ರಳಯ! ಯಾರಾದರೂ ಎತ್ತಿಕೊಂಡರೆ ಮೈ ಕಟ್ಟಿಗೆಯಾಗುತ್ತಿತ್ತು. “ಗಂಡು ಹುಡುಗರಿಗೆ ಮಾತು ತಡ” ಎಂದು ನೆರೆಯವರು ಸಮಾಧಾನ ಹೇಳಿದರು. “ಇವನಪ್ಪನಿಗೂ ನಾಲ್ಕು ವರ್ಷಕ್ಕೇ ಮಾತು ಬಂದದ್ದು” ಎಂದು ಅಜ್ಜಿ ಹೇಳಿದರು. ಆಮೇಲೆ ಸಮಾಧಾನದ ಮಾತುಗಳು ತೀರಿಹೋದುವು. ಆಪಾದನೆಯ ಮಾತುಗಳು ಮೊದಲಾದುವು. ಬಸುರಿಯಲ್ಲಿ ಆಕೆ ಗ್ರಹಣ ನೋಡಿದಳಂತೆ. ಹೆತ್ತಮೇಲೆ ಮಗುವನ್ನು ಸರಿಯಾಗಿ ಮಾತನಾಡಿಸಲಿಲ್ಲವಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಸುಮ್ಮನೆ ಹುಟ್ಟಿತೇ?

ಹುಲಿಗೆಮ್ಮನಿಗೆ ಹರಕೆಯಾಯಿತು. ಹಂಪಿಯ ವಿರೂಪಾಕ್ಷನಿಗೆ ಉರುಳುಸೇವೆಯಾಯಿತು. ಸಂಡೂರಿನ ಗುಡ್ಡದ ಕುಮಾರಸ್ವಾಮಿಯ ಸನ್ನಿಧಿಗೆ ಹೆಂಗಸರು ಹೋಗುವ ರೂಢಿಯಿಲ್ಲ. ಆದುದರಿಂದ ಮಗನನ್ನೆತ್ತಿಕೊಂಡು ತಂದೆಯೊಬ್ಬನೇ ಒಳಗೆ ಹೋದ. ತಾಯಿ ಪಕ್ಕದ ಪಾರ್ವತಿಯ ಗುಡಿಯ ಕಟ್ಟೆಯ ಮೇಲೆ ಕುಳಿತಳು. ತಾಯಿಯ ಮೇಲೆ ಮುನಿದ ಮಗ ಕೈಲಾಸವನ್ನು ಬಿಟ್ಟು ಬಂದು ಇಲ್ಲಿ ನಿಂತನೆಂದು ಆ ಸ್ಥಳದ ಕಥೆ. ತನ್ನ ಮಗ ಮುನಿದುದಾದರೂ ಏತಕ್ಕೆಂದು ಆಕೆಗೆ ತಿಳಿಯಲಿಲ್ಲ. ಮುನಿದವನು ಒಂದು ದಿನ ತಿರುಗಿಯಾದರೂ ನೋಡುತ್ತಾನೆ. ಇವನು ಮುಖದ ಕಡೆ ನೋಡುವುದೇ ಇಲ್ಲವಲ್ಲ!

ಇಂಥ ತಾಯಂದಿರ ಮೇಲೆ ಅಪವಾದ ಹೊರಿಸಿದವರು ಕಂಪ್ಲಿಯ ಅಜ್ಜಿಯರು ಮಾತ್ರವೇ ಅಲ್ಲ. ಮಕ್ಕಳ ಈ ಬಗೆಯ ಸ್ವಭಾವವನ್ನು ರಷ್ಯದ ವೈದ್ಯೆ ಗ್ರುನ್ಯಾ ಸುಖರೇವಾ 1925ರಷ್ಟು ಹಿಂದೆಯೇ ವಿವರಿಸಿದ್ದರು. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವೃತ್ತಾಂತವನ್ನು ಬರೆದು ಅದಕ್ಕೆ ಆಟಿಸಂ ಎಂಬ ಹೆಸರನ್ನು ಬಳಸಿದರು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಅದೇ ಬಗೆಯ ಹುಡುಗರನ್ನು ಕುರಿತು ಬರೆದರು. ಹೆಸರು ಸಿಕ್ಕಿತು, ಕಾರಣ ಸಿಕ್ಕಲಿಲ್ಲ. ಕಾರಣ ಸಿಕ್ಕದಾಗ ಪಂಡಿತರೂ ಪಾಮರರು ಮಾಡುವುದನ್ನೇ ಮಾಡಿದರು: ತಾಯಿಯತ್ತ ಬೆರಳು ತೋರಿಸಿದರು. ಮಗುವಿಗೆ ಪ್ರೀತಿಯ ಬಿಸುಪು ಕೊಡದ ‘ರೆಫ್ರಿಜರೇಟರ್ ತಾಯಿ’ಯಿಂದಲೇ ಇದು ಬರುತ್ತದೆಂಬ ವಾದ ಪಶ್ಚಿಮದಲ್ಲಿ ದೀರ್ಘಕಾಲ ಆಳಿತು. 1967ರಲ್ಲಿಯೂ ಬ್ರೂನೋ ಬೆಟಲ್‌ಹೈಮ್ ಅದನ್ನೇ ಸಾರುವ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಆ ವಾದವನ್ನು ಮೊದಲು ಬಲವಾಗಿ ತಳ್ಳಿಹಾಕಿದವರು ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು. ಇದು ಮಿದುಳಿನ ಹುಟ್ಟುಗುಣವೇ ಹೊರತು ಸಾಕಣೆಯ ದೋಷವಲ್ಲವೆಂದು 1964ರಲ್ಲಿ ಅವರು ಬರೆದರು. ಅವರು ವಿದ್ವಾಂಸರು ಮಾತ್ರವಲ್ಲ, ಅಂಥ ಒಬ್ಬ ಮಗನ ತಂದೆಯೂ ಆಗಿದ್ದರು. 1977ರಲ್ಲಿ ಫೋಲ್ಸ್ಟೀನ್ ಮತ್ತು ರಟ್ಟರ್ ಎಂಬಿಬ್ಬರು ಅವಳಿ ಮಕ್ಕಳನ್ನು ಪರೀಕ್ಷಿಸಿ, ಇದರಲ್ಲಿ ಆನುವಂಶಿಕತೆಯ ಪಾಲು ದೊಡ್ಡದೆಂದು ತೋರಿಸಿದರು. ತಾಯಂದಿರು ನಿರಪರಾಧಿಗಳೆಂದು ಶಾಸ್ತ್ರ ಒಪ್ಪಿತು. ಆದರೆ ಆ ತೀರ್ಪಿನ ಪ್ರತಿ ಕಂಪ್ಲಿಗೆ ತಲುಪಬೇಕಷ್ಟೆ!

ಅದನ್ನು ತಂದವರು ವೈದ್ಯರಲ್ಲ. ಸಂಡೂರು ಸೀಮೆಯಿಂದ ಬಂದ ಹುಡುಗನ ಸೋದರತ್ತೆ.

ಈ ಸೋದರತ್ತೆಯ ಬದುಕಿನಲ್ಲಿಯೂ ಒಂದು ಕಾಣದ ಗಾಯವಿತ್ತು. ಹದಿನಾರನೆಯ ವಯಸ್ಸಿನಲ್ಲಿ ಒಂದು ದಿನ ರೊಟ್ಟಿ ತಟ್ಟುತ್ತಿರುವಾಗಲೇ ಆಕೆ ಮೂರ್ಛೆ ಬಂದು ಬಿದ್ದಳು. ಆಮೇಲೆ ತಿಂಗಳಿಗೊಮ್ಮೆ, ಎರಡು ಬಾರಿ. ನಡುವಿನ ದಿನಗಳಲ್ಲಿ ಎಲ್ಲ ಹುಡುಗಿಯರಂತೆ ಹಾಡು, ಹಸೆ, ನಗೆ. ಕೈಯಲ್ಲಿ ಕಬ್ಬಿಣ ಹಿಡಿಸಿದರು, ಈರುಳ್ಳಿ ಮೂಸಿಸಿದರು, ತಾಯಿತ ಕಟ್ಟಿಸಿದರು. “ಮದುವೆಯಾದರೆ ಬಿಡುತ್ತದೆ” ಎಂದು ಹಿರಿಯರೆಂದರು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯ ಸುಳಿಯಲ್ಲಿ ಎಷ್ಟು ಹೆಣ್ಣುಮಕ್ಕಳು ಸಿಕ್ಕಿಬಿದ್ದಿದ್ದಾರೋ!

ಆಕೆಯ ಅದೃಷ್ಟಕ್ಕೆ ಅದು 1980ರ ದಶಕದ ಕೊನೆಯ ಭಾಗ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಹೊಸ ಪ್ರಯೋಗವನ್ನು ಆರಂಭಿಸಿತ್ತು. ಆಗ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲವೂ ಆ ಜಿಲ್ಲೆಗೇ ಸೇರಿದ್ದವು. ಹೊಸಪೇಟೆ, ಹಂಪಿಗಳು ಹೊಸ ವಿಜಯನಗರ ಜಿಲ್ಲೆಯ ಪಾಲಾದುದು 2021ರಲ್ಲಿ. ಮನೋರೋಗಿಗಳೂ ಮೂರ್ಛೆರೋಗಿಗಳೂ ನೂರಾರು ಮೈಲಿ ದೂರದ ದೊಡ್ಡ ಆಸ್ಪತ್ರೆಗೆ ಬರಬೇಕೆಂದು ಕಾಯುವ ಬದಲು, ಆಸ್ಪತ್ರೆಯ ತಿಳಿವಳಿಕೆಯೇ ಅವರ ಊರಿಗೆ ಹೋಗಲಿ ಎಂಬುದು ಅದರ ಸಾರ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ಅಲ್ಪಕಾಲದ ತರಬೇತಿ ಕೊಟ್ಟರು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ರೋಗದ ಮುಖ್ಯ ಲಕ್ಷಣಗಳನ್ನು ಗುರುತಿಸಲು ಕಲಿಸಿದರು. ಕೆಲವೇ ಅಗತ್ಯದ ಔಷಧಿಗಳು ಅಲ್ಲಿಯೇ ದೊರೆಯುವಂತೆ ಮಾಡಿದರು. ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರೊಬ್ಬರು ಬೆನ್ನಿಗೆ ನಿಂತರು. ಅದು ಫಲಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕೈಗೊಂಡಾಗ ಮೇಲ್ಪಂಕ್ತಿಯಾಗಿ ಎತ್ತಿಕೊಂಡುದು ಈ ‘ಬಳ್ಳಾರಿ ಮಾದರಿ’ಯನ್ನೇ. ಅದಿರಿನ ಧೂಳಿಗೂ ಬಿಸಿಲಿಗೂ ಹೆಸರಾದ ಜಿಲ್ಲೆ ದೇಶಕ್ಕೆ ಪಾಠ ಹೇಳಿಕೊಟ್ಟ ಸಂಗತಿ ಆ ಜಿಲ್ಲೆಯ ಜನರಿಗೇ ಹೆಚ್ಚಾಗಿ ತಿಳಿಯದು.

ಸೋದರತ್ತೆಗೆ ಇದಾವುದೂ ಗೊತ್ತಿರಲಿಲ್ಲ. ಆಕೆಗೆ ಗೊತ್ತಿದ್ದುದು ಇಷ್ಟೆ: ಒಬ್ಬ ನರ್ಸಮ್ಮ ಮನೆಗೆ ಬಂದು ಕೇಳಿದರು, ಡಾಕ್ಟರು ದಿನಕ್ಕೊಂದು ಮಾತ್ರೆ ಬಿಡದೆ ನುಂಗಬೇಕೆಂದರು, ನುಂಗಿದಳು, ಮೂರ್ಛೆ ನಿಂತಿತು. ಮದುವೆಯೂ ಆಯಿತು. ಆದರೆ ಮಾತ್ರೆಯ ಡಬ್ಬಿ ಹತ್ತು ವರ್ಷ ಜೋಳದ ಹಗೇವಿನಂಥ ಕತ್ತಲಲ್ಲಿ ಬದುಕಿತು – ಅಂದರೆ, ಅಡಿಗೆಮನೆಯ ಸಾಸಿವೆ ಡಬ್ಬಿಯ ತಳದಲ್ಲಿ. ಗಂಡನಿಗೆ ತಿಳಿದರೆ ಗತಿಯೇನು? ಆ ಭಯ ನಿರಾಧಾರವಾಗಿರಲಿಲ್ಲ. ಮೂರ್ಛೆರೋಗವಿದ್ದವರ ವಿವಾಹವನ್ನು ರದ್ದುಪಡಿಸಲು ಹಿಂದೂ ವಿವಾಹ ಕಾಯಿದೆಯಲ್ಲಿಯೇ ಅವಕಾಶವಿತ್ತು. 1999ರ ತಿದ್ದುಪಡಿ ಬಂದಮೇಲೆಯೇ ಆ ಮಾತು ಕಾಯಿದೆಯಿಂದ ಮರೆಯಾಯಿತು. ಒಂದು ದಿನ ಗಂಡ ಒಗ್ಗರಣೆಗೆ ಸಾಸಿವೆ ತೆಗೆಯಲು ಹೋಗಿ ಮಾತ್ರೆಗಳನ್ನು ಕಂಡ. ಬಹಳ ಹೊತ್ತು ಸುಮ್ಮನಿದ್ದು, “ಇದನ್ನ ಮೊದಲೇ ಹೇಳಿದ್ರ ಸಂತಿಗೆ ಹೋದಾಗ ನಾನ ತರ್ತಿದ್ದೆ” ಎಂದನಂತೆ. ಹತ್ತು ವರ್ಷದ ಭಯ ಅಷ್ಟರಲ್ಲಿ ಮುಗಿಯಿತು.

ಈಕೆ ಒಮ್ಮೆ ಕಂಪ್ಲಿಗೆ ಬಂದಾಗ, ಬಸ್ಸಿನಿಂದ ಇಳಿದ ಕಥೆಯನ್ನು ಅತ್ತಿಗೆಯ ಬಾಯಿಂದಲೇ ಕೇಳಿದಳು. ಕೇಳಿ, “ಅತ್ತಿಗಿ, ನಿಂದೂ ತಪ್ಪಲ್ಲ, ಅವಂದೂ ತಪ್ಪಲ್ಲ. ಮುಚ್ಚಿಡಬ್ಯಾಡ. ಮುಚ್ಚಿಟ್ಟರ ಎರಡು ರೋಗ” ಎಂದಳು. ಇದ್ದ ರೋಗ ಒಂದು, ಮುಚ್ಚಿಡುವ ರೋಗ ಇನ್ನೊಂದು! ಗ್ರಂಥಗಳಲ್ಲಿ ಇದಕ್ಕಿಂತ ದೊಡ್ಡ ಮಾತು ಇದೆಯೋ ಇಲ್ಲವೋ, ಆ ಮನೆಗೆ ಆ ದಿನ ಅಷ್ಟು ಸಾಕಾಗಿತ್ತು.

ಅಕ್ಕಿಯ ಗಿರಣಿಯಲ್ಲಿ ಲೆಕ್ಕ ಬರೆಯುವ ತಂದೆ ಒಂದು ವಾರ ರಜೆ ಹಾಕಿದ. ಹೊಸಪೇಟೆಯಿಂದ ರಾತ್ರಿಯ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಮೈಸೂರು. ಅಲ್ಲಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಹುಟ್ಟಿದುದು. ಮಾತು ಬಾರದ, ಕಿವಿ ಕೇಳದ ಮಕ್ಕಳ ತಾಯ್ತಂದೆಯರಿಗೆ ಅದು ಬಹುಕಾಲದಿಂದ ಯಾತ್ರಾಸ್ಥಳದಂತಿದೆ. ಅಲ್ಲಿ ಹುಡುಗನ ಕಿವಿಯನ್ನು ಪರೀಕ್ಷಿಸಿ ದೋಷವಿಲ್ಲವೆಂದರು. ಎರಡು ದಿನ ಅವನ ಆಟಪಾಟಗಳನ್ನು ನೋಡಿದರು. ಮೂರನೆಯ ದಿನ ಆ ಸ್ಥಿತಿಯ ಹೆಸರನ್ನು ಹೇಳಿದರು. ಕನ್ನಡದಲ್ಲಿ ಅದಕ್ಕೆ ಸ್ವಲೀನತೆ ಎನ್ನುತ್ತಾರೆ. ತನ್ನಲ್ಲಿ ತಾನು ಲೀನವಾಗಿರುವುದು ಎಂದು ಅರ್ಥ. ಕೇಳಲು ಯೋಗಿಗಳ ಲಕ್ಷಣದಂತಿದೆ! ಆದರೆ ಹುಡುಗ ತನ್ನಲ್ಲಿ ಲೀನವಾಗಿರಲಿಲ್ಲ. ಹೊರಗಿನ ಲೋಕವೇ ಅವನೊಳಗೆ ತಡೆಯಿಲ್ಲದೆ ನುಗ್ಗುತ್ತಿತ್ತು. ಇತರರ ಕಿವಿ ಬೇಡದ ಸದ್ದನ್ನು ತಾನಾಗಿಯೇ ಹಿಂದಕ್ಕೆ ಸರಿಸುತ್ತದೆ. ಅವನ ಕಿವಿಯಲ್ಲಿ ಹಾರನ್ನು, ಫ್ಯಾನು, ಬಳೆಯ ಸದ್ದು, ಅಮ್ಮನ ಮಾತು ಎಲ್ಲವೂ ಒಂದೇ ಎತ್ತರದಲ್ಲಿ ಬಂದು ಬೀಳುತ್ತಿದ್ದುವು. ಬಸ್ಸಿನಲ್ಲಿ ಅವನು ಹಟ ಮಾಡಿರಲಿಲ್ಲ. ಅವನಿಗೆ ನೋವಾಗಿತ್ತು.

ಇದು ಮದ್ದಿನಿಂದ ಹೋಗುವಂಥದಲ್ಲ, ಜೀವಮಾನವೆಲ್ಲ ಇರುವಂಥದು ಎಂದು ಕೇಳಿದಾಗ ತಾಯಿ ಅತ್ತಳು. ಅಲ್ಲಿಯೇ ಯಾರೋ ಟಿಟೋ ಎಂಬ ಹುಡುಗನ ವಿಷಯ ಹೇಳಿದರು. ಟಿಟೋ ರಾಜರ್ಷಿ ಮುಖೋಪಾಧ್ಯಾಯ 1989ರಲ್ಲಿ ಹುಟ್ಟಿದವನು. ಬಾಲ್ಯದ ಕೆಲವು ವರ್ಷಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದವನು. ಮಾತು ಬಲು ಕಡಿಮೆ. ತಾಯಿ ಸೋಮಾ ಎಡೆಬಿಡದೆ ಅವನಿಗೆ ಓದಿ ಹೇಳಿ, ಅಕ್ಷರದ ಹಲಗೆ ಮುಂದಿಟ್ಟು ಬರೆಯಲು ಕಲಿಸಿದರು. 2000ದಲ್ಲಿ ಅವನ ಬರಹಗಳು ಇಂಗ್ಲೆಂಡಿನಲ್ಲಿ ಪುಸ್ತಕವಾಗಿ ಬಂದುವು. ಆ ತಾಯಿಯ ವಿಧಾನ ಎಲ್ಲ ಮಕ್ಕಳಿಗೂ ಫಲಿಸುತ್ತದೆಂಬುದನ್ನು ತಜ್ಞರು ಒಪ್ಪಿಲ್ಲ. ಅದನ್ನು ಬಲವಾಗಿ ವಿರೋಧಿಸುವವರೂ ಇದ್ದಾರೆ. ಕಂಪ್ಲಿಯ ತಾಯಿ ಆ ವಾದವಿವಾದಗಳಿಗೆ ಹೋಗಲಿಲ್ಲ. ತನ್ನ ಮಗ ಪುಸ್ತಕ ಬರೆಯುತ್ತಾನೆಂಬ ಆಸೆಯನ್ನೂ ಹೊತ್ತು ತರಲಿಲ್ಲ. ಮಾತಿಲ್ಲದಲ್ಲಿ ಮನಸ್ಸಿಲ್ಲವೆಂದಲ್ಲ – ಇಷ್ಟನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಊರಿಗೆ ಬಂದಳು.

ಆಮೇಲೆ ನಡೆದುದರಲ್ಲಿ ಪವಾಡವೇನೂ ಇಲ್ಲ. ದಿನದ ಕೆಲಸಗಳ ಚಿತ್ರಗಳನ್ನು ಬರೆದು ಗೋಡೆಗೆ ಅಂಟಿಸಿದರು: ಹಲ್ಲುಜ್ಜುವುದು, ಸ್ನಾನ, ರೊಟ್ಟಿ, ಶಾಲೆ, ಆಟ, ನಿದ್ದೆ. ಮುಂದೇನೆಂಬುದು ಕಣ್ಣಿಗೆ ಕಂಡರೆ ಹುಡುಗನ ಹೆದರಿಕೆ ಅರ್ಧ ಇಳಿಯುತ್ತಿತ್ತು. ಅಜ್ಜಿ ಕುಕ್ಕರು ಇಡುವ ಮೊದಲು ಅವನಿಗೆ ಕುಕ್ಕರಿನ ಚಿತ್ರ ತೋರಿಸತೊಡಗಿದರು. ಅವನು ತಾನಾಗಿಯೇ ಹಿತ್ತಲಿಗೆ ಹೋಗಿ, ಸೀಟಿ ನಿಂತಮೇಲೆ ಬರುತ್ತಿದ್ದ. ಶಾಲೆಯ ಒಬ್ಬ ಮೇಷ್ಟರು ಅವನನ್ನು ಬಾಗಿಲ ಬಳಿ ಕೂರಿಸಿದರು. ಗಂಟೆ ಹೊಡೆಯುವ ಮುನ್ನ ಕಣ್ಸನ್ನೆ ಮಾಡುತ್ತಿದ್ದರು. ಇತರ ಹುಡುಗರು ಕಾರಣ ಕೇಳಿದಾಗ, “ಕೆಲವರಿಗೆ ಕಣ್ಣು ಮಂದ, ಕನ್ನಡಕ ಬೇಕು. ಇವನಿಗೆ ಕಿವಿ ಬಲು ಚುರುಕು, ಬಾಗಿಲು ಬೇಕು” ಎಂದುಬಿಟ್ಟರು. ಹುಡುಗರು ಒಪ್ಪಿದರು. ದೊಡ್ಡವರಿಗೆ ಹಿಡಿದಷ್ಟು ಕಾಲ ಮಕ್ಕಳಿಗೆ ಹಿಡಿಯುವುದಿಲ್ಲ.

ಎಂಟನೆಯ ವಯಸ್ಸಿನಲ್ಲಿ ಹುಡುಗನನ್ನು ಮತ್ತೊಮ್ಮೆ ಹಂಪಿಗೆ ಕರೆದೊಯ್ದರು. ಈ ಸಲ ಹರಕೆಗೆ ಅಲ್ಲ. ಜಾತ್ರೆಯ ದಿನವೂ ಅಲ್ಲ. ಮಳೆಗಾಲದ ಒಂದು ಮಂಗಳವಾರ, ಜನ ಸೇರುವ ಮೊದಲು. ವಿರೂಪಾಕ್ಷನ ಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆಯ ಕೋಣೆಯಿದೆ. ಗೋಡೆಯ ಒಂದು ಸಣ್ಣ ಕಿಂಡಿಯ ಮೂಲಕ ಬೆಳಕು ಒಳಗೆ ಬಂದು, ಸುಮಾರು 50 ಮೀಟರ್ ಎತ್ತರದ ಮೂಡಣ ರಾಜಗೋಪುರದ ನೆರಳು ಎದುರುಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಬೆಳಕು ನೇರವಾಗಿ ಸಾಗುವುದರಿಂದ ಮೇಲಿನದು ಕೆಳಕ್ಕೂ ಕೆಳಗಿನದು ಮೇಲಕ್ಕೂ ಹೋಗುತ್ತದೆ. ಹಳೆಯ ಪೆಟ್ಟಿಗೆ ಕ್ಯಾಮರಾದ ತತ್ತ್ವವೇ ಅದು. ನೋಡಲು ಬಂದವರೆಲ್ಲ “ಅಬ್ಬಾ, ಗೋಪುರ ತಲೆಕೆಳಗು!” ಎಂದು ಬೆರಗಾಗಿ ಹೋಗುತ್ತಾರೆ.

ಹುಡುಗ ಬೆರಗಾಗಲಿಲ್ಲ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಗೋಡೆಗೆ ಬೆನ್ನು ಮಾಡಿ, ಕಾಲುಗಳನ್ನು ಅಗಲಿಸಿ, ಸೊಂಟ ಬಗ್ಗಿಸಿ, ತಲೆಯನ್ನು ಕಾಲುಗಳ ನಡುವೆ ತೂರಿಸಿ ನೋಡಿದ. “ಅವ್ವ, ನೆಟ್ಟಗ” ಎಂದ. ಆಗ ಅವನ ಬಾಯಲ್ಲಿದ್ದುದು ಒಟ್ಟು ಮೂವತ್ತೋ ನಲವತ್ತೋ ಮಾತುಗಳು. ತಾಯಿ ಸುತ್ತ ನೋಡಿದಳು. ಯಾರೂ ಇರಲಿಲ್ಲ, ಇದ್ದಿದ್ದರೂ ಆ ದಿನ ಆಕೆ ಲೆಕ್ಕಿಸುತ್ತಿರಲಿಲ್ಲವೇನೋ. ಸೀರೆಯ ನೆರಿಗೆಯನ್ನು ಸಿಕ್ಕಿಸಿಕೊಂಡು ಆಕೆಯೂ ಬಗ್ಗಿ ನೋಡಿದಳು. ಗೋಪುರ ನೆಟ್ಟಗಿತ್ತು. ಅದು ಎಂದೂ ತಲೆಕೆಳಗಾಗಿರಲೇ ಇಲ್ಲ. ಸಣ್ಣ ಕಿಂಡಿಯಿಂದ ನೋಡಿದುದರಿಂದ ಹಾಗೆ ಕಂಡಿತ್ತು. ನೆಟ್ಟಗೆ ಕಾಣಬೇಕಾದರೆ ಬಗ್ಗಬೇಕಾದುದು ಗೋಪುರವಲ್ಲ, ನೋಡುವವರು.

ಕಾಣದುದನ್ನು ಕಾಣುವುದಕ್ಕೆ ಸರ್ಕಾರಕ್ಕೂ ಕಾಲ ಹಿಡಿಯಿತು. ಅಂಗವಿಕಲರಿಗಾಗಿ 1995ರಲ್ಲಿ ಬಂದ ಕಾಯಿದೆಯಲ್ಲಿ ಏಳು ಬಗೆಯ ನ್ಯೂನತೆಗಳಿದ್ದುವು. ಸ್ವಲೀನತೆ ಅದರಲ್ಲಿ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದರ ಹೆಸರೆತ್ತಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಪಟ್ಟಿಯನ್ನು 21ಕ್ಕೆ ಏರಿಸಿತು. ಸ್ವಲೀನತೆ, ಕಲಿಕೆಯ ನ್ಯೂನತೆ, ಹಿಮೋಫಿಲಿಯಾ, ತಲಸ್ಸೇಮಿಯಾ, ಸಿಕಲ್ ಸೆಲ್, ಪಾರ್ಕಿನ್ಸನ್ ಇವೆಲ್ಲ ಅದರಲ್ಲಿ ಸೇರಿದುವು. ಮೇಲೆ ನೋಡಿದರೆ ಗುರುತೇ ಸಿಗದ ಎಷ್ಟೋ ಕಷ್ಟಗಳಿಗೆ ಕಾನೂನಿನಲ್ಲಿ ಒಂದು ಕುರ್ಚಿ ದೊರೆಯಿತು. ಪರೀಕ್ಷೆಯಲ್ಲಿ ಹೆಚ್ಚಿನ ವೇಳೆ, ಬರೆದುಕೊಡುವ ಸಹಾಯಕ, ಎರಡನೆಯ ಮೂರನೆಯ ಭಾಷೆಗಳಿಂದ ವಿನಾಯಿತಿ – ಇವನ್ನು ಒದಗಿಸಬೇಕೆಂದು ಆ ಕಾಯಿದೆ ಹೇಳುತ್ತದೆ. 2017ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬರುವ ಹೊತ್ತಿಗೆ ಹುಡುಗನಿಗೆ ಮೀಸೆ ಬಂದಿತ್ತು. ಏಳನೆಯ ತರಗತಿಗೇ ಓದು ನಿಂತು ಆರು ವರ್ಷವಾಗಿತ್ತು. ತಡವಾಗಿ ಬಂದ ಮಳೆ ಆ ವರ್ಷದ ಬೆಳೆಗೆ ಆಗುವುದಿಲ್ಲ. ಮುಂದಿನ ಬಿತ್ತನೆಗಾದರೂ ನೆಲ ಹದವಾಗುತ್ತದೆ.

ಪ್ರಮಾಣಪತ್ರಕ್ಕೆ ಓಡಾಡಿದ ಕಥೆ ಬೇರೆ. ಒಂದು ಕಚೇರಿಯಲ್ಲಿ ಒಬ್ಬರು ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇವನಿಗೇನಾಗಿದೆ? ಚೆನ್ನಾಗಿಯೇ ಇದ್ದಾನಲ್ಲ!” ಎಂದರು. ಹನ್ನೆರಡು ವರ್ಷ ಆ ಮಾತಿಗಾಗಿ ಹಂಬಲಿಸಿದ್ದ ತಾಯಿಗೆ ಅದು ಆ ದಿನ ಬೈಗುಳದಂತೆ ಕೇಳಿಸಿತು. ಸ್ವಲೀನತೆಯನ್ನು ಅಳೆಯಲು ನಮ್ಮ ದೇಶದಲ್ಲಿ 2009ರಲ್ಲಿ ಸಿದ್ಧವಾದ ಒಂದು ಮಾನದಂಡವಿದೆ. ಅದರಲ್ಲಿ 40 ಅಂಶಗಳು. ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಮೊತ್ತ 70 ಮುಟ್ಟಿದರೆ ಸ್ವಲೀನತೆಯುಂಟು ಎಂದು ಲೆಕ್ಕ. ಸವಲತ್ತುಗಳು ಬಹುಪಾಲು ದೊರೆಯುವುದು ನ್ಯೂನತೆ ಶೇಕಡ 40 ಮುಟ್ಟಿದವರಿಗೆ. ಮಗ ಎಲ್ಲರಂತಿದ್ದಾನೆಂದು ಲೋಕಕ್ಕೆ ತೋರಿಸಲು ವರ್ಷಗಟ್ಟಲೆ ಹೆಣಗಿದವಳು, ಅವನು ಎಲ್ಲರಂತಿಲ್ಲವೆಂದು ಮೇಜಿನ ಮುಂದೆ ಕುಳಿತು ಸಾಧಿಸಬೇಕಾಯಿತು. ಕಾಣದ ನ್ಯೂನತೆಯಿದ್ದವರ ಬಾಳಿನ ವಿಚಿತ್ರವಿದು: ಬೆಳಗ್ಗೆ ಮುಚ್ಚಿಕೊಳ್ಳಬೇಕು, ಸಂಜೆ ರುಜುವಾತು ಮಾಡಬೇಕು. ಮೂರನೆಯ ಸಲದ ಅಲೆದಾಟದಲ್ಲಿ ಕಾರ್ಡು ಕೈಗೆ ಬಂದಿತು.

ಹಡಗಲಿ, ಹೊಸಪೇಟೆ, ಬಳ್ಳಾರಿಯ ಸೀಮೆಯಲ್ಲಿ ಸೂರ್ಯಕಾಂತಿಯ ಹೊಲಗಳನ್ನು ಕಾಣದವರಿಲ್ಲ. ಆ ಹೂವಿಗೆ ದೂರದ ಇಂಗ್ಲೆಂಡಿನಲ್ಲಿ ಒಂದು ಹೊಸ ಕೆಲಸ ಸಿಕ್ಕಿದೆ. 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ, ಕಾಣದ ನ್ಯೂನತೆಯುಳ್ಳ ಪ್ರಯಾಣಿಕರಿಗೆ ಕೊರಳಲ್ಲಿ ಹಾಕಿಕೊಳ್ಳಲು ಸೂರ್ಯಕಾಂತಿಯ ಚಿತ್ರವಿರುವ ಹಸುರು ಪಟ್ಟಿಯನ್ನು ಕೊಡತೊಡಗಿದರು. ಅದನ್ನು ಕಂಡ ಸಿಬ್ಬಂದಿ, ಕಾರಣ ಕೇಳದೆಯೇ, ತುಸು ಹೆಚ್ಚು ತಾಳ್ಮೆಯಿಂದ ನಡೆದುಕೊಳ್ಳಬೇಕು. ಈಗ ಅದು ಹಲವು ದೇಶಗಳಿಗೆ ಹರಡಿದೆ. ಒಳ್ಳೆಯ ಉಪಾಯವೇ. ಆದರೆ ಕಂಪ್ಲಿಯ ಬಸ್ಸಿಗೆ ಬೇಕಾದುದು ಕೊರಳಪಟ್ಟಿಯೋ, ಕೊರಳಪಟ್ಟಿಯಿಲ್ಲದೆಯೇ ಒಂದು ಕ್ಷಣ ತಾಳುವ ಅಭ್ಯಾಸವೋ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರು ಸ್ವಲೀನತೆಯುಳ್ಳವರು. ಹಾಗೆಂದರೆ ಆ ದಾರಿಯಲ್ಲಿ ಓಡಾಡುವ ಎರಡು ಮೂರು ತುಂಬಿದ ಬಸ್ಸುಗಳಿಗೆ ಒಬ್ಬರು. ಮೂರ್ಛೆರೋಗ, ಮನೋವ್ಯಥೆ, ಮಂದ ಕಿವಿ, ಅಕ್ಷರದ ತೊಡಕುಗಳನ್ನೂ ಸೇರಿಸಿದರೆ, ಯಾವ ಬಸ್ಸೂ ಅಂಥ ಒಬ್ಬ ಪ್ರಯಾಣಿಕನಿಲ್ಲದೆ ಹೊರಡಲಾರದು.

ಹುಡುಗ – ಈಗ ಹುಡುಗನೆನ್ನುವಂತಿಲ್ಲ. ಇಪ್ಪತ್ತೈದು ದಾಟಿದ ತರುಣ – ಅಜ್ಜನ ಬಾಳೆಯ ತೋಟದಲ್ಲಿ ಕೆಲಸ ಮಾಡುತ್ತಾನೆ. ನಸುಕಿನಲ್ಲಿ ಎಲೆ ಕೊಯ್ದು, ಒರೆಸಿ, ಒಂದರ ಮೇಲೊಂದು ಅಂಚಿಗೆ ಅಂಚು ಕೂಡಿಸಿ, ನೂರರ ಕಟ್ಟು ಕಟ್ಟುತ್ತಾನೆ. ಹುಣಸೆಯ ಬೀಜ ಜೋಡಿಸಿದ ಆ ಕೈಗೆ ಇದು ಹೊಸದಲ್ಲ. ಎಲೆಯ ವ್ಯಾಪಾರ ಬಲ್ಲವರಿಗೆ ಗೊತ್ತು, ನೂರರ ಕಟ್ಟಿನಲ್ಲಿ ತೊಂಬತ್ತೈದು ಇದ್ದರೆ ಅದು ಪ್ರಾಮಾಣಿಕರ ಕಟ್ಟು! ಇವನ ಕಟ್ಟಿನಲ್ಲಿ ನೂರು ಎಂದರೆ ನೂರು. ಹರಿದುದು ಒಂದಿದ್ದರೆ ಬದಲಾಯಿಸದೆ ನಿದ್ದೆ ಬಾರದು. ಹೊಸಪೇಟೆಯ ಖಾನಾವಳಿಯವರೊಬ್ಬರು ಹಲವು ವರ್ಷಗಳಿಂದ ಇವನ ಕಟ್ಟನ್ನು ಎಣಿಸದೆಯೇ ತೆಗೆದುಕೊಳ್ಳುತ್ತಾರೆ. ಒಮ್ಮೆ ಅವನಿಗೆ ಜ್ವರ ಬಂದಾಗ ತಮ್ಮ ಕಟ್ಟಿಕೊಟ್ಟ. ಅವರು ಎಣಿಸಿದರಂತೆ!

ಅವನು ಗೆದ್ದನೆಂದು ಹೇಳಬಹುದೇ? ಲಾರಿಯ ಹಾರನ್ನಿಗೆ ಈಗಲೂ ಅವನು ಕಿವಿ ಮುಚ್ಚಿಕೊಳ್ಳುತ್ತಾನೆ. ಕೊರಳಲ್ಲಿ ಸದ್ದು ತಡೆಯುವ ಕಿವಿಮುಚ್ಚುಗೆ ಯಾವಾಗಲೂ ತೂಗುತ್ತಿರುತ್ತದೆ. ಮದುವೆಮನೆಗೆ ಹೋಗಲಾರ. ದೀರ್ಘವಾಗಿ ಮಾತನಾಡಲಾರ. ತಾನು ಕಣ್ಣು ಮುಚ್ಚಿದ ಮೇಲೆ ಅವನಿಗೆ ಯಾರು ಎಂಬ ಪ್ರಶ್ನೆ ತಾಯಿಯ ತಲೆದಿಂಬಿನ ಕೆಳಗೆ ಪ್ರತಿ ರಾತ್ರಿಯೂ ಇರುತ್ತದೆ. ಆ ಪ್ರಶ್ನೆಗೆ ಯಾವ ಕಾರ್ಡಿನಲ್ಲಿಯೂ ಉತ್ತರ ಬರೆದಿಲ್ಲ. 2024ರ ಆಗಸ್ಟಿನ ಒಂದು ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು, ಗೇಟೇ ನೀರಿನಲ್ಲಿ ಕೊಚ್ಚಿಹೋಯಿತು. ಎಲ್ಲರೂ ನೀರನ್ನು ನೋಡಲು ಹೋದರು. ಆಕೆ ಮಾತ್ರ ಸರಪಳಿಯನ್ನು ಕುರಿತು ಯೋಚಿಸಿದಳು. ಕಡಿದ ದಿನ ಎಲ್ಲರಿಗೂ ಕಾಣುತ್ತದೆ. ಸವೆದ ವರ್ಷಗಳು ಯಾರಿಗೂ ಕಾಣುವುದಿಲ್ಲ. ಹೊರುವ ಕೈಗಳಿಗೂ ಬಿಡುವು ಬೇಕೆಂದು ಮನೆಯವರಿಗೆ ಹೇಳಲು ಆಕೆಗೆ ಅಂದು ಧೈರ್ಯ ಬಂದಿತು. ಈಗ ವಾರಕ್ಕೊಂದು ದಿನ ತೋಟದ ಲೆಕ್ಕವೂ ಮಗನ ಊಟವೂ ತಮ್ಮನ ಪಾಲಿಗೆ. ಸೋದರತ್ತೆಯೂ ಬಂದು ನಾಲ್ಕು ದಿನ ಇದ್ದು ಹೋಗುತ್ತಾಳೆ. ಅವಳ ಮಾತ್ರೆಯ ಡಬ್ಬಿ ಈಗ ದೇವರ ಗೂಡಿನ ಪಕ್ಕದಲ್ಲಿ, ಎಲ್ಲರ ಕಣ್ಣಿಗೆ ಕಾಣುವಂತೆ ಕುಳಿತಿರುತ್ತದೆ.

ಮೊನ್ನೆ ಅದೇ ಬೆಳಗಿನ ಬಸ್ಸು. ಎಲೆಯ ಕಟ್ಟುಗಳನ್ನು ಹಿಂದೆ ಹಾಕಿಸಿ ತಾಯಿ–ಮಗ ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ಎದುರು ಸಾಲಿನಲ್ಲಿ ಒಬ್ಬ ಎಳೆಯ ಹೆಂಗಸು. ಅವಳ ಮಡಿಲಿನಲ್ಲಿ ನಾಲ್ಕು ವರ್ಷದ ಹೆಣ್ಣುಮಗು. ಬಸ್ಸು ಗಕ್ಕನೆ ನಿಂತಾಗ ಮಗು ಬಿಲ್ಲಿನಂತೆ ಬೆನ್ನು ಬಾಗಿಸಿ ಕಿರುಚತೊಡಗಿತು. ಒಂದೆರಡು ತಲೆಗಳು ತಿರುಗಿದುವು. ಯಾರೋ ಬಾಯಿ ತೆರೆದರು. ಅಷ್ಟರಲ್ಲಿ ಈ ತರುಣ ಎದ್ದ. ಮಗುವಿನ ಕಡೆಗಾಗಲಿ ತಾಯಿಯ ಕಡೆಗಾಗಲಿ ನೋಡಲಿಲ್ಲ. ಕೊರಳಿನ ಕಿವಿಮುಚ್ಚುಗೆಯನ್ನು ತೆಗೆದು ಆ ಹೆಂಗಸಿನ ಮಡಿಲಿನಲ್ಲಿಟ್ಟ. ಹಿಂದಿರುಗಿ ಬಂದು ತನ್ನ ಎರಡು ಕಿವಿಗಳನ್ನೂ ಅಂಗೈಗಳಿಂದ ಬಿಗಿಯಾಗಿ ಮುಚ್ಚಿಕೊಂಡು ಕುಳಿತ.

ಕಮಲಾಪುರ ಬಂದಿತು. ಈ ಸಲ ಯಾರೂ ನಡುದಾರಿಯಲ್ಲಿ ಇಳಿಯಲಿಲ್ಲ.